ಕುಂಡಕ್ಕೆ ತಕ್ಕ ಮರ

ಹಲ್ಲುಜ್ಜುತ್ತಿದ್ದವನ ಕಿವಿಗೆ ಹೆಂಡತಿ ಫೋನ್ ಒತ್ತಿ ಹಿಡಿದಳು. ಆ ಕಡೆ ಮಾವ. ಮಾವ ಕುಶಲ ಗಿಶಲ ಕೇಳುವ ಪೈಕಿಯಲ್ಲ.

"ಸಂಜೆ ಬರ್ತಾ ಇದ್ದೀನಿ. ಮದುವೆಗೆ ಒಂದು ಗಿಡ ಕೊಟ್ಟಿದ್ದೆನಲ್ಲ, ಅದನ್ನ ನೋಡ್ಬೇಕು. ನಂಗೂ ವಯಸ್ಸಾಯ್ತು. ಇರೋದನ್ನ ಯೋಗ್ಯರ ಕೈಗೆ ಒಪ್ಪಿಸಿ ಹಗುರಾಗೋಣ ಅಂತ. ಗಿಡ ನೋಡಿ ತೀರ್ಮಾನ ಮಾಡ್ತೀನಿ. ಹೇಗಿದೆ ಅದು?"

ಬಾಯಿ ತುಂಬ ನೊರೆ ಇಟ್ಟುಕೊಂಡು "ಭರ್ಜರಿಯಾಗಿದೆ ಮಾವ" ಅಂದುಬಿಟ್ಟ. ಅರ್ಧ ಮಾತು ಮಾವನಿಗೆ ತಲುಪಿತು, ಅರ್ಧ ನೊರೆ ಫೋನಿಗೆ.

ಗಿಡ ಸತ್ತು ಆರು ವರ್ಷವಾಗಿತ್ತು. ಅದು ಬೋನ್ಸಾಯ್, ಆಲದ ಜಾತಿಯದು, ಗೇಣುದ್ದದ ಕೂಸು. ಮದುವೆಯಾದ ಮೂರನೇ ತಿಂಗಳಿಗೇ ಒಣಗಿ ಕಡ್ಡಿಯಾಯಿತು. ಫೋನಿನಲ್ಲಿ ಮಾತ್ರ ಚಿಗುರುತ್ತಲೇ ಇತ್ತು. ಮಾವ ಕೇಳಿದಾಗಲೆಲ್ಲ ಗಂಡ ಒಂದು ಎಲೆ ಬಿಡಿಸುತ್ತಿದ್ದ, ಹೆಂಡತಿ ಒಂದು ಕೊಂಬೆ ಬಿಡಿಸುತ್ತಿದ್ದಳು. ಇವರ ಅದೃಷ್ಟಕ್ಕೆ ಮಾವ ತಮ್ಮ ತಾರಸಿಯ ಬೋನ್ಸಾಯ್‌ಗಳಿಗೆ ನೀರು ಹಾಕುವುದನ್ನು ಬಿಟ್ಟು ಒಂದು ದಿನವೂ ಮನೆ ಬಿಟ್ಟು ಬಂದವರಲ್ಲ. ದೊಡ್ಡವರ ಉಡುಗೊರೆಯೇ ಹೀಗೆ. ಒಂದು ಮಿಕ್ಸರ್ ಕೊಟ್ಟಿದ್ದರೆ ಕೆಟ್ಟಾಗ ರಿಪೇರಿ ಮಾಡಿಸಬಹುದಿತ್ತು. ಜೀವ ಇರುವುದನ್ನು ಕೊಟ್ಟು, ಆಮೇಲೆ ಜೀವಮಾನವಿಡೀ ಅದರ ಲೆಕ್ಕ ಕೇಳುವುದು ಎಂಥ ಪ್ರೀತಿಯೋ.

"ಮರ ಬಿಟ್ಟು ಅಪ್ಪ ಹೇಗೆ ಬರ್ತಾರೆ?" ಅಂದಳು ಹೆಂಡತಿ.

"ಯಾರಿಗೋ ಹೇಳಿ ಬರ್ತಾರೆ ಬಿಡು. ನೀನು ವಿಷಯ ಹಿಡಿ. ಯೋಗ್ಯರ ಕೈಗೆ ಒಪ್ಪಿಸ್ತೀನಿ ಅಂದ್ರು. ಏನನ್ನ? ಅಂಗಡೀನ ಕಣೇ, ಅಂಗಡೀನ."

ಮಾವನ ಅಂಗಡಿ ದೊಡ್ಡ ಬೀದಿಯ ಮೂಲೆಯಲ್ಲಿತ್ತು. ಬಾಡಿಗೆಗಿದ್ದ ಗಡಿಯಾರದವನು ಹೋದ ತಿಂಗಳಷ್ಟೇ ಖಾಲಿ ಮಾಡಿದ್ದ. ಅದು ಬರುವುದಿದ್ದರೆ ಇವನಿಗೆ ಬರಬೇಕು, ಇಲ್ಲವೇ ಇವನ ಷಡ್ಡಕನಿಗೆ. ಷಡ್ಡಕನಿಗೂ ಮಾವ ಅಂಥದ್ದೇ ಗಿಡ ಕೊಟ್ಟಿದ್ದರು. ಅವನು ಅದರ ಮೇಲೆ ಕಾಲುಚೀಲ ಒಣಗಿಸಿ, ಬುಡದಲ್ಲಿ ಸಿಗರೇಟು ಆರಿಸಿ, ಹದಿನೈದೇ ದಿನಕ್ಕೆ ಸಾಯಿಸಿ, ಮಾವನ ಮುಂದೆಯೇ ನಕ್ಕು ಹೇಳಿದ್ದ. ಹಾಗಾಗಿ ಓಟದಲ್ಲಿ ಇವನೊಬ್ಬನೇ ಕುದುರೆ. ಕುದುರೆಗೆ ಬೇಕಾದದ್ದು ಸಂಜೆಯೊಳಗೆ ಒಂದು ಮರ.

ಇವನು ಚಪ್ಪಲಿ ಅಂಗಡಿಯ ಸೇಲ್ಸ್‌ಮನ್. ಊರವರ ಪಾದ ಹಿಡಿದೇ ಹೊಟ್ಟೆ ಹೊರೆಯುವವನು. ಯಾರ ಕಾಲು ನೋಡಿದರೂ ಸೈಜು ಹೇಳಬಲ್ಲ. ಇವನ ಸ್ವಂತ ಕಾಲು ಏಳೂವರೆ. ಅರ್ಧ ಸೈಜು ತರಿಸುವುದು ದಂಡ ಎನ್ನುವುದು ಯಜಮಾನನ ಸಿದ್ಧಾಂತ. ಏಳು ಕಚ್ಚುತ್ತದೆ, ಎಂಟು ಜಾರುತ್ತದೆ. ಅಂಗಡಿಯಲ್ಲಿ ಎಲ್ಲರೂ ಇವನನ್ನು ಕರೆಯುವುದೇ 'ಏಳೂವರೆ' ಎಂದು. ತನ್ನದೇ ಅಂಗಡಿಯಾದ ದಿನ ಮೊದಲು ತರಿಸುವುದು ಅರ್ಧ ಸೈಜು ಎಂದು ಎಷ್ಟೋ ರಾತ್ರಿ ಹಲ್ಲು ಕಡಿದುಕೊಂಡು ಮಲಗಿದ್ದ.

ಯಜಮಾನನಿಗೆ ಫೋನ್ ಮಾಡಿ, ಮಾವನಿಗೆ ಸೀರಿಯಸ್ಸು ಅಂದ. "ಇವತ್ತಿನ ಸಂಬಳ ಕಟ್" ಅಂದು ಯಜಮಾನ ಫೋನಿಟ್ಟ. ಅಷ್ಟು ಕನಿಕರ ಇವನೂ ನಿರೀಕ್ಷಿಸಿರಲಿಲ್ಲ.

ಹಳೆ ಗಿಡದ ಕುಂಡವಾದರೂ ಉಳಿದಿತ್ತಲ್ಲ ಎನ್ನುವುದೇ ಸಮಾಧಾನ. ನೀಲಿ ಬಣ್ಣದ್ದು, ಅಂಚಿನಲ್ಲಿ ಒಂದು ಚೂರು ಹಾರಿದ್ದು. ಮಾವ ತಮ್ಮ ಕೈಯಾರೆ ಬಣ್ಣ ಬಳಿದಿದ್ದ ಅದನ್ನು ನೂರರಲ್ಲಿಟ್ಟರೂ ಗುರುತು ಹಿಡಿಯುತ್ತಾರೆ. ಅದರಲ್ಲೀಗ ಬಟ್ಟೆ ಕ್ಲಿಪ್ಪುಗಳಿದ್ದವು. ಕ್ಲಿಪ್ಪು ಸುರಿದು, ಕುಂಡ ಕಂಕುಳಲ್ಲಿಟ್ಟುಕೊಂಡು, ಫ್ರಿಜ್ಜಿಗೆಂದು ಕೂಡಿಟ್ಟದ್ದನ್ನು ಜೇಬಿಗೆ ಸೇರಿಸಿ ಹೊರಟ. ಫೋನಿನಲ್ಲಿ ಫೋಟೋ ನೋಡಿ ಮರ ತರಿಸುವ ಹಾಗಿರಲಿಲ್ಲ. ಫೋಟೋದಲ್ಲಿ ಎಲ್ಲ ಪಾದವೂ ಚೆಂದವೇ. ಹಾಕಿ ನೋಡಿದಾಗಲೇ ಗೊತ್ತಾಗುವುದು.

ಮೆಟ್ಟಿಲ ಬಳಿ ಸಲಹಾ ಸಮಿತಿ ಕಾಯುತ್ತಿತ್ತು.

ಸಲಹಾ ಸಮಿತಿ ಎಂದರೆ ಹತ್ತು ಜನವಲ್ಲ, ಒಬ್ಬನೇ. ಮೇಲ್ಮನೆಯ ನಿವೃತ್ತ ಮೀಟರ್ ರೀಡರ್. ಜೀವನಪೂರ್ತಿ ಬೇರೆಯವರ ಮನೆಗೆ ಇಣುಕಿ ಸಂಬಳ ಪಡೆದವನು ಈಗ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದ. ಬಚ್ಚಲಮನೆಯ ಪೈಪಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ.

"ಮರ ತಗೊಳ್ಳೋದು ಅಂದ್ರೆ ಹುಡುಗಾಟ ಅಲ್ಲಪ್ಪ. ನಾನೂ ಬರ್ತೀನಿ ನಡಿ."

"ಬೇಡ ಸಾರ್, ನಿಮಗ್ಯಾಕೆ ತೊಂದರೆ."

"ನನ್ನ ತೊಂದರೆ ನೀನು ಹೇಳ್ಬೇಡ. ಹೋದ ವರ್ಷ ನೀನೇ ಕೊಟ್ಟ ಶೂ ನೋಡು. ಏನಂದೆ? ಮೊದಲೆರಡು ದಿನ ಕಚ್ಚುತ್ತೆ, ಆಮೇಲೆ ಅದೇ ಹೊಂದ್ಕೊಳ್ಳುತ್ತೆ ಅಂದೆ. ಇವತ್ತಿಗೂ ಕಚ್ತಾ ಇದೆ." ಕುಂಟುತ್ತಲೇ ಬೆನ್ನು ಹತ್ತಿದ.

ನರ್ಸರಿ ಊರಾಚೆ, ಬಸ್ಸಿನ ಕೊನೆಯ ಸ್ಟಾಪಿನಲ್ಲಿತ್ತು. ನರ್ಸರಿಯಮ್ಮ ಮೊಣಕಾಲುದ್ದದ ಬೂಟು ಹಾಕಿಕೊಂಡು ಪೈಪು ಹಿಡಿದು ನಿಂತಿದ್ದಳು. ಏಳೂವರೆ ಅಭ್ಯಾಸಬಲದಿಂದ ಮೊದಲು ಅವಳ ಕಾಲು ನೋಡಿ 'ಐದು' ಎಂದುಕೊಂಡ. ಆಮೇಲೆ ಕಂಕುಳಿನ ಕುಂಡವನ್ನು ಮುಂದಿಟ್ಟ.

"ಅಮ್ಮ, ಇದಕ್ಕೆ ಸರಿಹೊಂದೋ ಹಾಗೆ ಒಂದು ಬೋನ್ಸಾಯ್ ಬೇಕು. ಆಲದ್ದು. ಆರು ವರ್ಷ ನಾನೇ ಸಾಕಿದ ಹಾಗೆ ಕಾಣ್ಬೇಕು."

ನರ್ಸರಿಯಮ್ಮ ಕುಂಡ ನೋಡಿದಳು, ಇವನನ್ನು ನೋಡಿದಳು. "ಜನ ಮರ ತಗೊಂಡು ಕುಂಡ ಹುಡುಕ್ತಾರೆ. ನೀನು ಚಪ್ಪಲಿ ಹಿಡ್ಕೊಂಡು ಕಾಲು ಹುಡುಕ್ತಾ ಇದ್ದೀಯಲ್ಲಪ್ಪ."

"ನಮ್ಮದು ಅದೇ ಕಸುಬು."

ಒಳಗೆ ಸಾಲುಸಾಲು ಹಲಗೆ. ಅವುಗಳ ಮೇಲೆ ಕಾಡನ್ನೇ ತೊಳೆದು ಕುಗ್ಗಿಸಿದ ಹಾಗೆ ಮರಗಳು. ನರ್ಸರಿಯಮ್ಮ ಹೇಳುತ್ತಾ ನಡೆದಳು. "ಎಲೆ ನೋಡಿ ಮರುಳಾಗ್ಬೇಡ, ಎಲೆ ಇವತ್ತು ಬರುತ್ತೆ ನಾಳೆ ಹೋಗುತ್ತೆ. ಮೊದಲು ಬುಡ ನೋಡು. ಬೇರು ಸುತ್ತಲೂ ನೆಲ ಕಚ್ಚಿ ಹಿಡಿದಿರ್ಬೇಕು. ಆಮೇಲೆ ಕಾಂಡ, ಕೆಳಗೆ ದಪ್ಪ, ಮೇಲೆ ಸಣ್ಣ. ತಂತಿ ಬಿಗಿದ ಗಾಯ ಮಾಯ್ದಿದೆಯಾ ನೋಡು. ಕೊನೆಗೆ ಮೆಲ್ಲಗೆ ಅಲ್ಲಾಡಿಸು. ಅಲ್ಲಾಡಿದ್ರೆ ನಿನ್ನೆ ನೆಟ್ಟದ್ದು ಅಂತ ಅರ್ಥ."

"ಇಷ್ಟು ವರ್ಷವಾದ್ರೂ ಇಷ್ಟೇ ಇರೋ ಹಾಗೆ ಏನಮ್ಮ ಮಾಡ್ತೀರಿ?"

"ಏನಿಲ್ಲ. ಸಣ್ಣ ಜಾಗದಲ್ಲಿಡೋದು. ತಲೆ ಎತ್ತಿದಾಗೆಲ್ಲ ಕತ್ತರಿಸೋದು. ನೀರು ಅಳೆದು ಕೊಡೋದು, ಸಾಯೋ ಹಾಗಿಲ್ಲ, ಬೆಳೆಯೋ ಹಾಗೂ ಇಲ್ಲ."

ಏಳೂವರೆಗೆ ಯಜಮಾನನ ಮುಖ ನೆನಪಾಯಿತು. ಆ ಮನುಷ್ಯ ಅಂಗಡಿಯಲ್ಲಿ ಇಷ್ಟು ವರ್ಷ ಚಪ್ಪಲಿ ಮಾರುತ್ತಿದ್ದಾನೆಂದು ತಿಳಿದದ್ದು ತಪ್ಪಾಯಿತು, ಬೋನ್ಸಾಯ್ ಬೆಳೆಸುತ್ತಿದ್ದ.

ಮೂರನೇ ಸಾಲಿನಲ್ಲಿ ಅದು ಸಿಕ್ಕಿತು. ಮೊಳಕ್ಕಿಂತ ಚಿಕ್ಕದು, ಎಡಕ್ಕೊಂದು ಬಾಗು, ಬುಡದಲ್ಲಿ ಮುದ್ದಾದ ಬೇರು. ನರ್ಸರಿಯಮ್ಮ ಏಳು ವರ್ಷದ್ದು ಅಂದಳು. ನೀಲಿ ಕುಂಡವನ್ನು ಪಕ್ಕದಲ್ಲಿಟ್ಟು ಗೇಣು ಹಾಕಿದ. ಹೊಲಿಸಿದ ಹಾಗಿತ್ತು. ಏಳೂವರೆಯ ಕಣ್ಣ ಮುಂದೆ ಅಂಗಡಿಯ ಬಾಗಿಲು ತೆರೆಯಿತು, ಗಾಜಿನ ಹಿಂದೆ ಅರ್ಧ ಸೈಜಿನ ಶೂಗಳು ಸಾಲಾಗಿ ನಿಂತವು.

"ತಡಿ, ಅಲ್ಲಾಡಿಸಿ ನೋಡ್ಲಿಲ್ಲ" ಅಂತು ಸಲಹಾ ಸಮಿತಿ.

"ಮೆಲ್ಲಗೆ" ಅಂದಳು ನರ್ಸರಿಯಮ್ಮ.

ಮೆಲ್ಲಗೆ ಎನ್ನುವುದು ಸಮಿತಿಯ ನಿಘಂಟಿನಲ್ಲಿರಲಿಲ್ಲ. ಕಳ್ಳನ ಕುತ್ತಿಗೆ ಪಟ್ಟಿ ಹಿಡಿದ ಹಾಗೆ ಕಾಂಡ ಹಿಡಿದು ಜಗ್ಗಿದ. ಅದೇ ಹೊತ್ತಿಗೆ ಶೂ ಕಚ್ಚಿತು. ಕಾಲು ತಪ್ಪಿತು. ಸಮಿತಿ ಒಂದು ಕಡೆ ಬಿತ್ತು, ಮರದ ಕುಂಡ ಇನ್ನೊಂದು ಕಡೆ. ಮರದ ಮೇಲರ್ಧ ಮಾತ್ರ ಸಮಿತಿಯ ಮುಷ್ಟಿಯಲ್ಲೇ ಉಳಿಯಿತು.

ಕೆಳಗೆ ಕೂತಲ್ಲಿಂದಲೇ ಸಮಿತಿ ವರದಿ ಒಪ್ಪಿಸಿತು. "ಗಟ್ಟಿ ಇರ್ಲಿಲ್ಲ ಕಣಪ್ಪ. ಒಳ್ಳೇದೇ ಆಯ್ತು, ಮನೆಗೆ ಹೋದ್ಮೇಲೆ ಮುರಿದಿದ್ರೆ?"

"ಮುರಿದದ್ದಕ್ಕೂ ದುಡ್ಡು ಕೊಡ್ಬೇಕು" ಅಂದಳು ನರ್ಸರಿಯಮ್ಮ, ನೀರಿನ ಪೈಪನ್ನು ಬಂದೂಕಿನ ಹಾಗೆ ಎತ್ತಿ ಹಿಡಿದು. ಸಮಿತಿ ಜೇಬು ತಡವಿಕೊಂಡಿತು. ಪರ್ಸು ಮನೆಯಲ್ಲೇ ಮರೆತಿತ್ತಂತೆ.

ಆಲದ ಜಾತಿಯಲ್ಲಿ ಇನ್ನು ಉಳಿದದ್ದು ಎರಡೇ. ಒಂದು ಬೆಂಕಿಕಡ್ಡಿಯಂಥ ಹಸುಗೂಸು, ಇನ್ನೊಂದು ಹದಿನೆಂಟು ವರ್ಷದ ಮುತ್ತಜ್ಜ. ಮುತ್ತಜ್ಜನ ಕಾಂಡ ಕುಸ್ತಿಪಟುವಿನ ತೊಡೆಯಂತಿತ್ತು. ಬೇರುಗಳು ಹತ್ತು ಬೆರಳು ಹರಡಿ ಮಣ್ಣನ್ನು ಅವಚಿದ್ದವು. ಕೊಂಬೆಯಿಂದ ಬಿಳಲು ಇಳಿದು ನೆಲ ಮುಟ್ಟಿತ್ತು.

ಏಳೂವರೆ ಕಸುಬಿನ ಭಾಷೆಯಲ್ಲೇ ಕೇಳಿದ. "ಇದರಲ್ಲೇ ಒಂದು ಸೈಜು ಕಮ್ಮಿ ಇದ್ಯಾ?"

"ಇಲ್ಲ."

"ತಗೋ ತಗೋ" ಅಂತು ಸಮಿತಿ. "ಸಣ್ಣದು ತೋರಿಸಿದ್ರೆ ಇವನು ಹೊಟ್ಟೆಗೇ ಹಾಕಿಲ್ಲ ಅಂತಾರೆ. ದೊಡ್ಡದು ತೋರಿಸಿದ್ರೆ ಚೆನ್ನಾಗಿ ನೋಡ್ಕೊಂಡ ಅಂತಾರೆ. ಪಾಪು ದಪ್ಪಗಿದ್ರೆ ಯಾರಾದ್ರೂ ಬೈತಾರಾ?"

ತಪ್ಪು ಸಲಹೆಯೂ ಹಸಿದವನ ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಫ್ರಿಜ್ಜು ಕರಗಿತು. ಮುತ್ತಜ್ಜ ಏಳೂವರೆಯ ಎದೆಗೇರಿದ.

"ಈ ನೀಲಿ ಕುಂಡಕ್ಕೆ ಇದನ್ನ ತುರುಕ್ಬೇಡ. ಬೇರು ಹಿಡಿಸಲ್ಲ, ಮುನಿಸ್ಕೊಳ್ಳುತ್ತೆ" ಎಂದು ನರ್ಸರಿಯಮ್ಮ ಹಿಂದಿನಿಂದ ಕೂಗಿದಳು. ಆಗಲೇ ಬಸ್ಸು ಹೊರಟಿತ್ತು.

ಬಸ್ಸಿನಲ್ಲಿ ಮರಕ್ಕೊಂದು ಸೀಟು ಸಿಕ್ಕಿತು. ಕಂಡಕ್ಟರು ಬಂದ. "ಇದಕ್ಕೆ ಟಿಕೆಟ್ಟು?"

"ಗಿಡಕ್ಕೆಂಥ ಟಿಕೆಟ್ಟು?"

"ಸೀಟಲ್ಲಿ ಕೂತಿದೆಯಲ್ಲ. ವಯಸ್ಸೆಷ್ಟು?"

"ಆರು" ಅಂದ ಏಳೂವರೆ, ಸಂಜೆಯ ಸುಳ್ಳನ್ನು ರೂಢಿ ಮಾಡಿಕೊಳ್ಳುತ್ತಾ.

"ಹದಿನೆಂಟು" ಅಂತು ಸಮಿತಿ ಹಿಂದಿನ ಸೀಟಿನಿಂದ. "ನಾನೇ ಕೇಳಿಸ್ಕೊಂಡಿದ್ದೀನಿ."

"ಹದಿನೆಂಟಾದ್ರೆ ಫುಲ್ಲು" ಎಂದು ಕಂಡಕ್ಟರು ಹರಿದು ಕೊಟ್ಟ.

ಮನೆಯಲ್ಲಿ ಹೆಂಡತಿ ಮರ ನೋಡಿ ಬಾಗಿಲಲ್ಲೇ ಕೂತಳು. "ಏನ್ರೀ ಇದು, ಆರು ವರ್ಷದ ಮಗೂಗೆ ಮೀಸೆ ಬಂದ ಹಾಗಿದೆ."

"ಮಾತು ಆಮೇಲೆ. ಕುಂಡ ಹಿಡ್ಕೋ."

ನರ್ಸರಿಯ ಕುಂಡದಿಂದ ಮರ ಬಂತು. ನೀಲಿ ಕುಂಡಕ್ಕೆ ಹೋಗಲಿಲ್ಲ. ಒಂದು ಬೇರು ಒಳಗಾದರೆ ಇನ್ನೊಂದು ಹೊರಗೆ. ಹೆಂಡತಿ ಕುಂಡ ಹಿಡಿದಳು, ಸಮಿತಿ ಸೂಚನೆ ಕೊಟ್ಟಿತು, ಏಳೂವರೆ ನೆತ್ತಿಯಿಂದ ಒತ್ತಿದ. ಹೊರಗೆ ಯಾವುದೋ ದೊಡ್ಡ ಗಾಡಿ ಹಿಮ್ಮೆಟ್ಟುವ ಸದ್ದು ಕೇಳಿತು. ಹೆಂಡತಿ ಕಿಟಕಿಯಿಂದ ಇಣುಕಿ, "ಅಪ್ಪ ಬಂದ್ರು" ಅಂದಳು.

ಕಷ್ಟಕಾಲದಲ್ಲಿ ಮನುಷ್ಯನ ಕೈ ಹಿಡಿಯುವುದು ಅವನ ಕಸುಬೇ. ಏಳೂವರೆಯ ಅಂಗಿ ಜೇಬಿನಲ್ಲಿ ಯಾವಾಗಲೂ ಶೂ ತೊಡಿಸುವ ಉಕ್ಕಿನ ಪಟ್ಟಿಯೊಂದಿರುತ್ತಿತ್ತು. ಎಂಥ ಹಟಮಾರಿ ಹಿಮ್ಮಡಿಯನ್ನೂ ಜಾರಿಸುವಂಥದ್ದು. ಅದನ್ನೆಳೆದು ಬೇರಿಗೂ ಕುಂಡಕ್ಕೂ ನಡುವೆ ಇಳಿಸಿ, ಮಂಡಿಯೂರಿ, ಬಾಯಿಗೆ ರೂಢಿಯಾಗಿದ್ದ ಮಂತ್ರವನ್ನೇ ಹೇಳಿದ. "ಸ್ವಲ್ಪ ಒತ್ತಿ ಸಾರ್. ಮೊದಲೆರಡು ದಿನ ಕಚ್ಚುತ್ತೆ, ಆಮೇಲೆ ಅದೇ ಹೊಂದ್ಕೊಳ್ಳುತ್ತೆ."

ಮುತ್ತಜ್ಜ ಚಪಕ್ಕನೆ ಒಳಗೆ ಕೂತ. ಪಟ್ಟಿ ಮಾತ್ರ ಅಲ್ಲೇ ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ. ಮಾವ ಆಗಲೇ ಬಾಗಿಲಲ್ಲಿದ್ದರು.

ಮಾವ ಮರದ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಬುಡ ನೋಡಿದರು. ಕುಂಡದ ಹಾರಿದ ಚೂರನ್ನು ಬೆರಳಿನಿಂದ ಸವರಿದರು. ಎದ್ದಾಗ ಅವರ ಕನ್ನಡಕ ಮಂಜಾಗಿತ್ತು.

"ಆರೇ ವರ್ಷದಲ್ಲಿ ಬಿಳಲು ಇಳಿಸಿದ್ದೀಯಲ್ಲಪ್ಪ. ನಲವತ್ತು ವರ್ಷದಿಂದ ನಾನು ಒದ್ದಾಡ್ತಿದ್ದೀನಿ, ನನ್ನ ಕೈಲಿ ಇಷ್ಟು ಬೇಗ ಆಗಿಲ್ಲ." ಅಷ್ಟರಲ್ಲಿ ಪಟ್ಟಿ ಕಣ್ಣಿಗೆ ಬಿತ್ತು. "ಇದೇನಿದು?"

ಏಳೂವರೆ ಪಟ್ಟಿಯನ್ನು ಇನ್ನಷ್ಟು ಒಳಕ್ಕೆ ಒತ್ತಿದ. "ಬೇರಿಗೆ... ಗಾಳಿ ಆಡ್ಲಿ ಅಂತ ಮಾವ."

"ನನಗೆ ಹೊಳೆದೇ ಇರ್ಲಿಲ್ಲ ನೋಡು" ಎಂದು ಮಾವ ಇವನ ಎರಡೂ ಕೈ ಹಿಡಿದುಕೊಂಡರು. "ತೀರ್ಮಾನ ಆಯ್ತು. ಇನ್ನು ಎಲ್ಲ ನಿಂದೇ. ಚಿಕ್ಕ ಅಳಿಯನ ಮುಂದೆ ಜೀವ ಇರೋದೇನನ್ನೂ ಇಡೋ ಹಾಗಿಲ್ಲ. ಅವನಿಗೆ ಅಂಗಡಿ ಬರೆದುಕೊಟ್ಟು ಕೈ ತೊಳ್ಕೊಂಡೆ. ಇಟ್ಟಿಗೆ ಗೋಡೆ ತಾನೇ, ಎಷ್ಟು ಹಾಳು ಮಾಡಿಯಾನು?"

ಏಳೂವರೆಗೆ ಮಾತು ಅರ್ಥವಾಗುವ ಮೊದಲೇ ಕಿಟಕಿಯಾಚೆ ಲಾರಿಯ ಹಿಂಬಾಗಿಲು ಧಡಾರನೆ ತೆರೆದುಕೊಂಡಿತು. ಲಾರಿ ತುಂಬ ಮರಗಳು. ಮಾವನ ತಾರಸಿ ಚಕ್ರ ಕಟ್ಟಿಕೊಂಡು ಬಂದ ಹಾಗಿತ್ತು.

"ಮಾವ" ಅಂದ, ಸತ್ಯವೊಂದೇ ಗತಿಯಾಗಿ, "ನಿಜ ಹೇಳ್ತೀನಿ. ನೀವು ಕೊಟ್ಟ ಗಿಡ ಮೂರನೇ ತಿಂಗಳಿಗೇ ಸತ್ತುಹೋಯ್ತು. ಇದನ್ನ ಇವತ್ತು ಬೆಳಿಗ್ಗೆ ಕೊಂಡು ತಂದೆ."

ಮಾವ ಗಹಗಹಿಸಿ ನಕ್ಕು ಮಗಳ ಕಡೆ ತಿರುಗಿದರು. "ವಿನಯ ನೋಡಮ್ಮ. ಕೈಗುಣ ಇರೋರು ಹೀಗೇ, ತಾವು ಮಾಡಿದ್ದು ಅಂತ ಒಪ್ಪಲ್ಲ." ಮತ್ತೆ ಇವನ ಕಡೆ ಬಾಗಿದರು. "ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು. ಇನ್ನು ನೀನು ಮನೆ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ, ನನ್ನ ಸರದಿ ಮುಗೀತು. ವಾರವಾರ ಬಂದು ನೋಡ್ತೀನಿ. ಆಂ, ಚಿಕ್ಕವನು ಅಲ್ಲಿ ಚಪ್ಪಲಿ ಅಂಗಡಿ ಹಾಕ್ತಾನಂತೆ. ಕಸುಬು ಗೊತ್ತಿರೋ ನಿನ್ನನ್ನ ಪಾಲುದಾರ ಮಾಡ್ಕೊಳ್ತೀನಿ ಅಂದ. ನಾನೇ ಬೇಡ ಅಂದೆ. ಇಷ್ಟು ಮರ ಇಟ್ಕೊಂಡು ನಿನಗೆ ಬಿಡುವೆಲ್ಲಿ?"

ಮರಗಳು ಒಂದೊಂದಾಗಿ ಒಳಗೆ ಬಂದವು. ಕಿಟಕಿ ತುಂಬಿತು, ಮೇಜು ತುಂಬಿತು, ಮಂಚ ತುಂಬಿತು. ಫ್ರಿಜ್ಜಿಗೆಂದು ಬಿಟ್ಟಿದ್ದ ಮೂಲೆಯಲ್ಲಿ ಒಂದು ಬಾಗಿದ ಮರ ಬಂದು ಕೂತಿತು. ಕೊನೆಗೆ ಉಳಿದದ್ದು ನಡುಮನೆಯಲ್ಲಿ ಎರಡು ಪಾದದಷ್ಟು ಜಾಗ. ಅಲ್ಲಿ ಏಳೂವರೆ ನಿಂತಿದ್ದ, ಕೈಯಲ್ಲಿ ನೀರಿನ ಚೊಂಬು, ಅತ್ತಿತ್ತ ಅಲ್ಲಾಡಲಾಗದೆ.

ಬಾಗಿಲ ಸಂದಿಯಿಂದ ಸಲಹಾ ಸಮಿತಿ ಇಣುಕಿ ನೋಡಿತು. ಕಚ್ಚುವ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿತ್ತು. ವರ್ಷದಿಂದ ಕಾದಿಟ್ಟಿದ್ದ ಮಾತನ್ನು ನಿಧಾನವಾಗಿ, ಸವಿಯುತ್ತಾ ಹೇಳಿತು.

"ಮೊದಲೆರಡು ದಿನ ಕಚ್ಚುತ್ತೆ ಕಣಪ್ಪ. ಆಮೇಲೆ ಅದೇ ಹೊಂದ್ಕೊಳ್ಳುತ್ತೆ."