ಚರ್ಚಿನ ಕೋಳಿ ಸವಾಲು

ನಮ್ಮ ಕೊಪ್ಪಳದ ಚರ್ಚಿನ್ಯಾಗ ವರ್ಷಾ ಸುಗ್ಗಿ ಆರಾಧನಿ ದಿನ ಏನಾರ ಒಂದು ಫಜೀತಿ ಆಗಲಿಲ್ಲಂದ್ರ ನನಗ ಊಟ ಸೇರೂದಿಲ್ಲ. ಜನ ಕಾಣಿಕಿ ಅಂತ ತಂದ ಜ್ವಾಳ, ಕಾಯಿಪಲ್ಲೆ, ಕೋಳಿ ಎಲ್ಲಾ ಆರಾಧನಿ ಮುಗಿದ ಮ್ಯಾಲ ಸವಾಲಿಗೆ, ಅಂದ್ರ ಹರಾಜಿಗೆ ಇಡತೀವಿ. ಕೂಗಾಂವ ನಾನು. ಮೂವತ್ತು ವರ್ಷ ಸಾಲಿ ಮಾಸ್ತರಕಿ ಮಾಡಿದ ಗಂಟಲು, ಮೈಕ್ ಬೇಕಾಗಿಲ್ಲ.

ಈ ಸಲದ ರೊಕ್ಕ ಎಲ್ಲಾ ಚರ್ಚಿನ ಕಸಾ ಹೊಡಿಯೂ ಅಜ್ಜಿ ಕಣ್ಣಿನ ಆಪರೇಶನ್ನಿಗೆ. ಪಾಪ, ಆಕಿಗೆ ಎದುರಿಗೆ ನಿಂತವ್ರೂ ಕಾಣತಿರಲಿಲ್ಲ.

೧. ಕುಂಬಳಕಾಯಿ

ಕಿನ್ನಾಳದ ರೈತ ಒಬ್ಬ ದೊಡ್ಡ ಕುಂಬಳಕಾಯಿ ತಂದು ಕೊಟ್ಟ. ಸವಾಲಿನ್ಯಾಗ ಎಲ್ಲಾರಿಗಿಂತ ಹೆಚ್ಚಿಗೆ ಕೂಗಿ ಅದನ್ನ ತಾನ ತಗೊಂಡ. ಯಾಕೋ ಮಾರಾಯಾ ಅಂದೆ.

“ಇದು ನನ್ನ ಹೊಲದ್ದರಿ, ನಂಬಿಕಿ ಐತಿ. ಉಳಿದವರದ್ದು ಒಳಗ ಹೆಂಗ ಇರತೈತೋ.”

೨. ಹುಂಜ

ಸವಾಲಿನ್ಯಾಗ ಹುಂಜ ಗೆದ್ದವ್ರು ಅದನ್ನ ದೇವರಿಗೇ ವಾಪಸ್ ಕೊಡೂದು ನಮ್ಮಲ್ಲಿ ರೂಢಿ. ಹಂಗ ಒಂದ ಹುಂಜ ಮೂರು ಸಲ ಮಾರಾಟಾತು. ನಾಕನೇ ಸಲ ಗೆದ್ದಾಂವ ಊರಿಗೆ ಬಂದ ಹೊಸಾ ಅಳಿಯ, ರೂಢಿ ಗೊತ್ತಿಲ್ಲ. ಹುಂಜನ್ನ ಬಗಲಾಗ ಇಟಗೊಂಡು ನಮಸ್ಕಾರ ಹೇಳಿ ಹೋಗೇಬಿಟ್ಟ. ಪಾದ್ರಿಯವರ ಮಾರಿ ಸಪ್ಪಗಾತು. ಕಡೀಕ ಅದು ತಮ್ಮ ಮನಿಗೇ ಬರತೈತಿ ಅಂತ ಅವರು ಮಸಾಲಿ ಅರಿಸಿ ಇಟ್ಟಿದ್ದರಂತ.

೩. ಹ್ಯಾಟಿ

ಇಷ್ಟಾದ್ರೂ ಆಪರೇಶನ್ನಿಗೆ ಎರಡು ಸಾವಿರ ಕಡಿಮಿ ಬಿತ್ತು. ಉಳಿದದ್ದು ಒಂದ ಹ್ಯಾಟಿ ಕೋಳಿ. ನನಗ ಭಾಳ ಸಂಕಟ ಆತು.

ಅದನ್ನ ಹರಕಿ ಅಂತ ತಂದಾಕಿ ಗಿಣಿಗೇರಾದ ಹೆಣಮಗಳು. ಆಕಿ ಗಂಡ ಫ್ಯಾಕ್ಟರಿ ನೈಟ್ ಶಿಫ್ಟ್ ಮುಗಿಸಿ ಸೀದಾ ಚರ್ಚಿಗೆ ಬಂದಿದ್ದ, ಅವಗ ಇದು ಗೊತ್ತಿಲ್ಲ. ನಾ ಕೋಳಿ ಎತ್ತಿದ ಕೂಡಲೇ ತಮ್ಮದ ಅಂತ ಗುರ್ತು ಹಿಡಿದ. ಕೋಳಿ ಕಾಣಲಿಲ್ಲಂದ್ರ ಹೆಂಡತಿ ಸಂಜಿಕ ಅಳತಾಳ, ಬಿಡಿಸಿಕೊಂಡು ಹೋಗೂಣು ಅಂತ ಕೈ ಎತ್ತಿದ. ನನ್ನ ಕೈಯಾಗ ಕೋಳಿ ಒದರಿದ್ದು ಕೇಳಿ ಆ ಕಡೆ ಹೆಂಡತಿಗೂ ಅದನ್ನ ಬಿಟ್ಟುಕೊಡಾಕ ಮನಸ ಬರಲಿಲ್ಲ, ಆಕೀನೂ ಕೈ ಎತ್ತಿದಳು.

ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವ ದಪ್ಪನ ಕಂಬ. ಗಂಡ ಹೆಂಡತಿ ಇಬ್ಬರೂ ಕಾಣೂದು ನನಗೊಬ್ಬಗ. ಹೇಳಬೇಕಿತ್ತು ಖರೆ, ಅಜ್ಜಿ ನೆನಪಾಗಿ ಬಾಯಿ ಮುಚಗೊಂಡೆ. ಗಂಡಸರ ಕಡಿಂದ ಐನೂರು, ಹೆಂಗಸರ ಕಡಿಂದ ಸಾವಿರ ಅಂತ ಕೂಗಿಕೋತನ ಹೋದೆ. ಹೆಂಗಸರ ಕಡಿಂದ ಎರಡು ಸಾವಿರ ಬಂದಾಗ, ಯಾರಪಾ ಈ ಹಟಮಾರಿ ಅಂತ ಗಂಡ ಎದ್ದು ಕಂಬದ ಆಚಿ ಹಣಿಕಿ ನೋಡಿದ. ನೋಡಿ ತೆಪ್ಪಗ ಕುಂತ. ನಾ ಲಗೂನ ಮೂರು ಸಲ ಕೂಗಿ ಮುಗಿಸಿದೆ. ಮಂದಿ ನಕ್ಕೋತ ಹೊಟ್ಟಿ ಹಿಡಕೊಂಡ್ರು.

ಕಣ್ಣು ಕಾಣದ ಅಜ್ಜಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಆಕಿ ಎದ್ದು ನಿಂತು ಕೈ ಜೋಡಿಸಿದಳು.

“ಸ್ವಾಮಿ, ನನ್ನ ಸಲುವಾಗಿ ಇಬ್ಬರು ಇಷ್ಟು ಜಿದ್ದು ಮಾಡ್ಯಾರ. ಅವರ ಸಿಟ್ಟು ಇಳಿಸಿ, ಇಬ್ಬರನ್ನೂ ಒಂದ ಮನಿಯವರಂಗ ಬಾಳಸಪಾ.”

ಇಡೀ ಚರ್ಚು ಆಮೆನ್ ಅಂತು. ಗಂಡ ಒಬ್ಬ ಅನ್ನಲಿಲ್ಲ.