ಹನ್ನೆರಡು ಅಂಕದ ಗಾಯಕ

ಬಾಯಿ ತಪ್ಪಿ ಬಂದ ಒಂದು ಹೊಗಳಿಕೆ ಮಿನೆಗಿಶಿಯ ಕುತ್ತಿಗೆಗೆ ಬಂತು.

ಟೋಕಿಯೊದಲ್ಲಿ ಒಂಬತ್ತು ವರ್ಷ ಶಾಸ್ತ್ರೀಯ ಗಾಯನ ಕಲಿತು, ಹೊಟ್ಟೆಪಾಡಿಗೆ ಎಲೆಕ್ಟ್ರಾನಿಕ್ಸ್ ಕಂಪನಿ ಸೇರಿ, ಈಗ ಕರೋಕೆ ಯಂತ್ರಗಳ ವಿಭಾಗಕ್ಕೆ ನಿರ್ದೇಶಕನಾಗಿದ್ದ ಮನುಷ್ಯ ಅವನು. ವರ್ಷಾಂತ್ಯದ ಔತಣದಲ್ಲಿ ಅಧ್ಯಕ್ಷ ಕುಮೆಗಾವಾ ಹಾಡಿದಾಗ, "ಎಂಥ ಕಂಠ ಅಧ್ಯಕ್ಷರೇ!" ಎಂದುಬಿಟ್ಟಿದ್ದ. ಎಲ್ಲರೂ ಅದನ್ನೇ ಹೇಳಿದ್ದರು. ಆದರೆ ಸಂಗೀತ ಕಲಿತವನು ಹೇಳಿದ್ದನ್ನು ಅಧ್ಯಕ್ಷರು ನಂಬಿದರು.

ಇಂದು ಮಧ್ಯಾಹ್ನ ಹೊಸ ಯಂತ್ರದ ಬಿಡುಗಡೆ. ಹಾಡಿ ಮುಗಿಸಿದರೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಯಂತ್ರ. ಗಿರಾಕಿಗಳು ಹಾಡಲೆಂದೇ ಬರುವ ಕರೋಕೆ ಅಂಗಡಿಗಳ ಮುನ್ನೂರು ಮಾಲೀಕರ ಮುಂದೆ ತಾವೇ ಹಾಡುವುದಾಗಿ ಅಧ್ಯಕ್ಷರು ಬೆಳಿಗ್ಗೆ ಹೇಳಿ ಕಳಿಸಿದರು.

ಮಿನೆಗಿಶಿ ಔತಣದ ಟೇಪನ್ನು ಯಂತ್ರಕ್ಕೆ ಕೇಳಿಸಿದ. ಅಂಕ: ಹದಿನಾಲ್ಕು.

"ಅಧ್ಯಕ್ಷರಿಗೆ ಹೋದ ವರ್ಷ ಮುಜುಗರ ಮಾಡಿದವರು ಈಗ ಎಲ್ಲಿದ್ದಾರೆ ಗೊತ್ತಲ್ಲ?" ಎಂದಳು ಕಾರ್ಯದರ್ಶಿ ಓಕಿ-ಸಾನ್, ಚಹಾ ಇಡುತ್ತಾ. "ವಕ್ಕನಾಯ್ ಗೋದಾಮಲ್ಲಿ. ಏಪ್ರಿಲ್ಲಲ್ಲೂ ಹಿಮ ಬೀಳುತ್ತಂತೆ, ಪಾಪ. ಉಣ್ಣೆ ಕಾಲುಚೀಲ ಹೆಣೆದು ಕೊಡ್ಲಾ?"

ಮಿನೆಗಿಶಿ ಎಂಜಿನಿಯರ್ ಕೊಗುರೆಯ ಬಳಿ ಓಡಿದ.

"ಅಧ್ಯಕ್ಷರು ಅರ್ಧ ಸ್ವರ ಕೆಳಗೆ, ಅರ್ಧ ತಾಳ ಹಿಂದೆ," ಎಂದ ಕೊಗುರೆ. "ಆದ್ರೆ ಮೊದಲಿಂದ ಕೊನೇವರೆಗೂ ಹಾಗೇ. ಶಿಸ್ತು ಅಂದ್ರೆ ಶಿಸ್ತು!"

"ಹಾಗಾದ್ರೆ ಅದೇ ಸರಿ ಅಂತ ಯಂತ್ರಕ್ಕೆ ಕಲಿಸಪ್ಪ. ಇವತ್ತೊಂದಿನ."

ಮತ್ತೆ ಟೇಪು ಹಾಕಿದರು. ತೊಂಬತ್ತೆಂಟು! ಮಿನೆಗಿಶಿಗೆ ಹೋದ ಜೀವ ಬಂದಂತಾಯಿತು.

ಮೂರು ಗಂಟೆಗೆ ಅಧ್ಯಕ್ಷರು ಕೊರಳಿಗೆ ಟವೆಲ್ ಸುತ್ತಿಕೊಂಡು ವೇದಿಕೆಯ ಹಿಂದೆ ಬಂದರು. ಬಾಯಿ ತೆರೆದರೆ ಪಂಕ್ಚರಾದ ಸೈಕಲ್ಲಿನಂತೆ ಬರೀ ಗಾಳಿ. ಬೆಳಗಿನಿಂದ ಬೀದಿಯ ಸಾರ್ವಜನಿಕ ಸ್ನಾನಗೃಹದಲ್ಲಿ ಕುಳಿತು ಅಭ್ಯಾಸ ಮಾಡಿದ್ದರಂತೆ. ಅವರ ಬೆರಳು ಮಿನೆಗಿಶಿಯನ್ನು ತೋರಿಸಿತು, ಆಮೇಲೆ ಮೈಕನ್ನು.

"ನೀವು ಹಾಡ್ಬೇಕಂತೆ," ಎಂದಳು ಓಕಿ-ಸಾನ್. "ಕಂಪನಿ ಮಾನ ನಿಮ್ಮ ಕೈಲಿದ್ಯಂತೆ."

ಯಂತ್ರವನ್ನು ಮೊದಲಿನಂತೆ ಮಾಡಲು ಸಮಯವಿಲ್ಲ. ಅಧ್ಯಕ್ಷರಂತೆ ತಪ್ಪಾಗಿ ಹಾಡುವುದೊಂದೇ ದಾರಿ. ಸಂಗೀತ ಶಾಲೆಯಲ್ಲಿ ಕಲಿತವರೆಂದು ವೇದಿಕೆಯಿಂದ ಪರಿಚಯ ಮಾಡಿಕೊಟ್ಟರು. ಮಿನೆಗಿಶಿ ಅರ್ಧ ಸ್ವರ ಇಳಿಸಿ ಶುರು ಮಾಡಿದ. ಆದರೆ ಒಂಬತ್ತು ವರ್ಷ ಗುರುಗಳ ಬೀಸಣಿಗೆಯ ಪೆಟ್ಟು ತಿಂದ ಗಂಟಲು ಕೇಳಬೇಕಲ್ಲ! ಎರಡನೆಯ ಸಾಲಿಗೆ, ಗಾಣದ ಎತ್ತಿನ ಹಾಗೆ, ತನ್ನ ಹಳೆಯ ಜಾಡಿಗೇ ಮರಳಿತು. ಹಾಡು ಅಪ್ಪಟವಾಗಿ ಮುಗಿಯಿತು.

ಪರದೆಯ ಮೇಲೆ ಅಂಕ ಬಿತ್ತು: ಹನ್ನೆರಡು.

ಮಿನೆಗಿಶಿಯ ಕಾಲಿಗೆ ಆಗಲೇ ಹಿಮ ಹತ್ತಿತು.

"ಸಂಗೀತ ಶಾಲೇಲಿ ಕಲಿತೋರಿಗೇ ಹನ್ನೆರಡಾ!" ಒಸಾಕಾದ ಮುದಿ ಅಂಗಡಿಯವನೊಬ್ಬ ಎದ್ದು ಬಂದ. "ಕೊಡಿ ಇಲ್ಲಿ ಮೈಕು!" ಬಿಯರು ಏರಿದ ನಾಲಿಗೆಯಲ್ಲಿ ಅವನು ತಗ್ಗಿನ ದನಿಯಲ್ಲಿ, ತಡವರಿಸುತ್ತಾ, ಕಾಗೆಯಂತೆ ಹಾಡಿದ. ಎಂಬತ್ತೊಂಬತ್ತು!

ಛಾವಣಿ ಹಾರಿಹೋಗುವಂತೆ ಚಪ್ಪಾಳೆ. "ನಮ್ಮ ಗಿರಾಕಿಗಳು ಇವರನ್ನೇ ಸೋಲಿಸ್ತಾರಲ್ರೀ!" ಎನ್ನುತ್ತಾ ಮಾಲೀಕರೆಲ್ಲ ಮೈಕಿಗೂ ಆರ್ಡರ್ ಪುಸ್ತಕಕ್ಕೂ ಮುಗಿಬಿದ್ದರು.

ಅಧ್ಯಕ್ಷರು ಚೀಟಿಯಲ್ಲಿ ಬರೆದುಕೊಟ್ಟರು: "ಅದ್ಭುತ. ಯಂತ್ರ ಹೀಗೇ ಇರಲಿ."

ಮಿನೆಗಿಶಿ ಗೋಡೆಗೊರಗಿ ನಿಟ್ಟುಸಿರು ಬಿಟ್ಟ. ಗೋದಾಮು ತಪ್ಪಿತು! ಅಷ್ಟರಲ್ಲಿ ಎರಡನೆಯ ಚೀಟಿ ಬಂತು: "ನಲವತ್ತೇಳು ಪ್ರಾಂತಗಳಲ್ಲೂ ಹೋಗಿ ನೀವೇ ಹಾಡಿ, ಹನ್ನೆರಡು ತೆಗೆದುಕೊಳ್ಳಬೇಕು. ನಾಳೆಯಿಂದ."

"ಮೊದಲು ಯಾವೂರು?" ಎಂದ, ಕ್ಷೀಣವಾಗಿ.

ಓಕಿ-ಸಾನ್ ಚೀಲದಿಂದ ಒಂಟಿ ಉಣ್ಣೆ ಕಾಲುಚೀಲ ತೆಗೆದಳು. "ಉತ್ತರದ ತುದಿಯಿಂದ ಶುರುವಂತೆ, ವಕ್ಕನಾಯ್. ಇದನ್ನ ಹಾಕ್ಕೊಂಡು ಹೊರಡಿ, ಇನ್ನೊಂದನ್ನ ಅಂಚೇಲಿ ಕಳಿಸ್ತೀನಿ."