ಜಟ್ಟಪ್ಪನ ಹಳದಿ ಪೈಪಿನ ಗಂಟು

ಎಲೈ ಕೇಳುಗರೇ, ಮೀನುಗಳ ಮೇಲಿನ ಮತ್ಸರವನ್ನು ತಾಳಲಾರದೆ ಮನುಷ್ಯನು ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಂಡು ಕಡಲಿಗೆ ಧುಮುಕತೊಡಗಿದ ಯುಗವದು. ಆ ಯುಗದಲ್ಲಿ, ಮುರ್ಡೇಶ್ವರದ ತೀರದಲ್ಲಿ, ತರಂಗಮರ್ದನ, ಬಂಗುಡೆಕುಲಭಯಂಕರ, ಸಪ್ತಪುರುಷಪರಂಪರಾಗತಬಲೆಗಂಟುವಿದ್ಯಾವಿಶಾರದ ಎಂಬ ಬಿರುದುಗಳನ್ನು ತನಗೆ ತಾನೇ ದಯಪಾಲಿಸಿಕೊಂಡ ಜಟ್ಟಪ್ಪ ಮೊಗೇರನೆಂಬ ವೀರನಿದ್ದನು.

ಅಂದು ಅವನಿಗೆ ಪರೀಕ್ಷೆ. ಗೆದ್ದರೆ ಪ್ರವಾಸಿಗರನ್ನು ನೀರೊಳಗೆ ಕರೆದೊಯ್ಯುವ ಗೈಡು. ಸೋತರೆ ಇನ್ನೊಂದು ವರ್ಷ ದೋಣಿಯ ಲಂಗರು ಎಳೆಯುವ ಕೆಲಸವೇ ಗತಿ. ಪರೀಕ್ಷಿಸುವವಳೋ, ಇಪ್ಪತ್ತು ವರ್ಷ ಕಡಲಡಿಯಲ್ಲೇ ಪಾಠ ಹೇಳಿದ ನಾಗವೇಣಿ ಖಾರ್ವಿ.

ವೀರನು ಶಸ್ತ್ರಸಜ್ಜಿತನಾಗಿ ದೋಣಿಯ ಮೇಲೆ ನಿಂತನು. ಸಿಲಿಂಡರಿನಿಂದ ಎರಡು ಮಹೋರಗಗಳಂತೆ ಎರಡು ಪೈಪುಗಳು ಹೊರಟಿದ್ದವು. ಕರಿಯದು ತನ್ನ ಬಾಯಿಗೆ. ಹಳದಿಯದು, ಜೊತೆಗಾರನ ಗಾಳಿ ಮುಗಿದರೆ ಅವನ ಬಾಯಿಗೆ. ಉದ್ದನೆಯ ಕರಿಪೈಪನ್ನು ಆರಿಸಿ, ಚೆಂದ ಕಾಣಲೆಂದು ಹೆಗಲ ಮೇಲೆ ಕಮಾನಾಗಿಸಿದ್ದನು. ಹಳದಿಯದನ್ನು ಎದೆಪಟ್ಟಿಗೆ ಬಲೆಗಂಟು ಹಾಕಿ ಬಿಗಿದಿದ್ದನು.

"ಜಟ್ಟು, ಆ ಕಮಾನು ಯಾರ ಮದುವೆಗಾ?" ಎಂದಳು ನಾಗವೇಣಿ. "ಬಂಡೆಗೆ ಸಿಕ್ಕಿದ್ರೆ ಬಾಯಿಂದ ಕಿತ್ಕೊಂಡು ಹೋಗ್ತದೆ. ಅದನ್ನ ಬಲಗೈ ಕೆಳಗಿಂದ ತಗೊಂಡು ಬಾ. ದವಡೆಗೂ ಆರಾಮ."

ಅದಕ್ಕೇನೋ ವೀರನು ಒಪ್ಪಿದನು. ಆದರೆ "ಆ ಗಂಟೂ ಬಿಚ್ಚು, ಎಳೆದ ಕೂಡ್ಲೇ ಕೈಗೆ ಬರ್ಬೇಕು" ಎಂದಾಗ ಅವನ ಮೀಸೆ ಕುಣಿಯಿತು.

"ಅಕ್ಕಾ! ನೇತ್ರಾಣಿ ದ್ವೀಪವೇ ತೇಲಿ ಗೋವೆಗೆ ಹೋಗಲಿ, ಸೂರ್ಯನೇ ಭಟ್ಕಳದ ಬಸ್ಸು ಹತ್ತಲಿ, ನಮ್ಮಜ್ಜ ಕಲಿಸಿದ ಈ ಗಂಟು ಸಡಿಲದು! ಇದನ್ನು ಬಿಚ್ಚುವ ಗಂಡಸು ಹುಟ್ಟಿಲ್ಲ!"

"ಗಂಡಸರ ಸುದ್ದಿ ಬಿಡು ಮಾರಾಯ. ನೀರಿಗಿಳಿ."

ಎರಡಾಳು ಆಳದಲ್ಲಿ ಮಹಾಸಮರ ಮೊದಲಾಯಿತು. ನಾಗವೇಣಿ ತನ್ನ ಬಾಯಿಯ ಪೈಪನ್ನು ತೆಗೆದು, ಗಂಟಲಿಗೆ ಅಡ್ಡ ಕೈಯಾಡಿಸಿ 'ಗಾಳಿ ಇಲ್ಲ' ಎಂದು ಸನ್ನೆ ಮಾಡಿದಳು. ಜಟ್ಟಪ್ಪನು ಹಳದಿಯನ್ನು ಎಳೆದನು. ಗಂಟು ಅಲುಗಲಿಲ್ಲ. ಸ್ವರ್ಗಸ್ಥ ಅಜ್ಜನು ಅಲ್ಲಿಂದಲೇ ಭೇಷ್ ಎಂದಿರಬೇಕು! ಮತ್ತೆ ಎಳೆದನು; ಉಗುರು ಮುರಿಯಿತು. ಮನೆಯಲ್ಲಾದರೆ ಇಂಥ ಗಂಟನ್ನು ಹಲ್ಲಿನಿಂದ ಬಿಚ್ಚುವುದು ವಾಡಿಕೆ. ಇಲ್ಲಿ ಹಲ್ಲುಗಳೆಲ್ಲ ಕರಿಪೈಪನ್ನು ಕಚ್ಚಿಕೊಂಡು ಕೂತಿದ್ದವು. ಎದುರಿಗೆ ಅಕ್ಕನ ಬಾಯಿಂದ ಸಣ್ಣ ಸಣ್ಣ ಗುಳ್ಳೆ. ನಿಜಕ್ಕೂ ಗಾಳಿ ಮುಗಿದವರಾಗಿದ್ದರೆ?

ಕಡೆಗೆ ಅವಳೇ ಹಳದಿ ಪೈಪಿಗೆ ಕೈಹಾಕಿ ಜಗ್ಗಿದಳು. ಗಂಟು ಬರಲಿಲ್ಲ, ಜಟ್ಟಪ್ಪ ಬಂದನು. ಅವನನ್ನು ಹಾಗೆಯೇ ಎಳೆದುಕೊಂಡು ಮೇಲಕ್ಕೆ ತಂದಳು.

ಏಳು ತಲೆಮಾರಿನ ಗಂಟನ್ನು ದೋಣಿಯಲ್ಲಿದ್ದ ಮೀನು ಕೊಯ್ಯುವ ಚೂರಿ ಒಂದೇ ಏಟಿಗೆ ಮುಗಿಸಿತು. ನಾಗವೇಣಿ ತನ್ನ ಜಡೆಯಿಂದ ರಬ್ಬರ್ ಬ್ಯಾಂಡ್ ಕಿತ್ತು, ಅವನ ಎದೆಪಟ್ಟಿಯ ಉಕ್ಕಿನ ಬಳೆಗೆ ಸಿಕ್ಕಿಸಿ, ಹಳದಿ ಪೈಪಿನ ಬಾಯನ್ನು ಅದರೊಳಗೆ ತುರುಕಿದಳು. ಎಳೆದರೆ ಟಪ್ಪೆಂದು ಬಂತು. ಜಟ್ಟಪ್ಪನು ತಾನೂ ಹತ್ತು ಸಲ ಎಳೆದು ನೋಡಿದನು.

"ಇನ್ನೊಮ್ಮೆ ಇಳಿವಾ. ಈ ಸಲ ಹಳದಿ ನಂಗೆ ಕೊಟ್ರೆ ಪಾಸು."

ಬ್ಯಾಂಡು ಗುಲಾಬಿ ಬಣ್ಣದ್ದು. ಮೇಲೊಂದು ಪ್ಲಾಸ್ಟಿಕ್ ಚಿಟ್ಟೆ.

"ಚಿಟ್ಟೆ ಕಿತ್ತು ಹಾಕ್ಲಾ ಅಕ್ಕಾ?"

"ಬೇಡ. ಹಿಡಿದು ಎಳೀಲಿಕ್ಕೆ ಚಲೋ ಆಗ್ತದೆ."

ತರಂಗಮರ್ದನನು ಚಿಟ್ಟೆಯನ್ನು ನೆಟ್ಟಗೆ ಮಾಡಿಕೊಂಡು ನೀರಿಗೆ ಹಾರಿದನು.